ರಕ್ತದ ವಯಸ್ಸು, ಕಾಡಿನ ದೂರ

‘ಶೇಖರಿಸಿಟ್ಟ ರಕ್ತ ಬೇಡ, ತಾಜಾ ರಕ್ತವೇ ಬೇಕು’ ಎಂಬ ಮಾತನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದಲ್ಲಿ ಕೇಳಿದ್ದೇನೆ. ಆ ಅಳುಕು ತೀರ ನಿರಾಧಾರವಲ್ಲ.

ಪೋಷಕ ದ್ರಾವಣ ಬೆರೆಸಿದ ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 42 ದಿನ ಇಡಬಹುದು. ಅಷ್ಟರಲ್ಲಿ ಪೊಟ್ಯಾಸಿಯಂ ಹೊರಸೋರುತ್ತದೆ, ನಯವಾದ ಕಣಗಳು ಮುಳ್ಳುಮುಳ್ಳಾಗುತ್ತವೆ. ಆಮ್ಲಜನಕವನ್ನು ಅಂಗಾಂಶಗಳಿಗೆ ಬಿಟ್ಟುಕೊಡಲು ನೆರವಾಗುವ ಡಿಪಿಜಿ ಎಂಬ ರಾಸಾಯನಿಕ ಎರಡು ವಾರಗಳಲ್ಲಿ ಬಹುತೇಕ ಬರಿದಾಗುತ್ತದೆ. ಆದರೆ ರೋಗಿಯ ದೇಹ ಸೇರಿದ ಕೆಲವೇ ದಿನಗಳಲ್ಲಿ ಅದು ಮರಳಿ ತುಂಬಿಕೊಳ್ಳುತ್ತದೆ.

2015ರ ‘ಏಬಲ್’, 2016ರ ‘ಇನ್‌ಫಾರ್ಮ್’ ಅಧ್ಯಯನಗಳಲ್ಲಿ ತಾಜಾ ರಕ್ತದಿಂದ ಸಾವಿನ ಪ್ರಮಾಣವೇನೂ ತಗ್ಗಲಿಲ್ಲ.

ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿ ದಾನಿಗಾಗಿ ಕಾಯಲಾರಳು. ಕಾಡಿನ ತಾಲ್ಲೂಕುಗಳಿಗೆ ಬೇಕಿರುವುದು ನಿಯಮಿತ ದಾನಿಗಳು, ಸಮೀಪದಲ್ಲೇ ದಾಸ್ತಾನು, ಅದನ್ನು ಕಾಯುವ ನಿರಂತರ ವಿದ್ಯುತ್ತು. ರಕ್ತ ಹಳೆಯದೆಂಬ ಭಯಕ್ಕಿಂತ ರಕ್ತವೇ ಇಲ್ಲವೆಂಬ ಸ್ಥಿತಿ ಘೋರವಾದುದು.