ಸದ್ದಿಗೆ ಒಪ್ಪುವ ಅವ್ಯಯ

ದೇವಾಲಯದ ಗಂಟೆ ‘ಗಟ್ಟಿಯಾಗಿ’ ಮೊಳಗಿತೆಂದು ಬರೆಯುವವನೂ ‘ಗಣಗಣನೆ’ ಮೊಳಗಿತೆಂದು ಬರೆಯುವವನೂ ಒಂದೇ ನಾದವನ್ನು ಕುರಿತು ಹೇಳುತ್ತಿರುವರಾದರೂ, ಮೊದಲನೆಯವನು ಆ ನಾದವನ್ನು ದೂರದಲ್ಲಿ ನಿಂತು ಅಳೆದು ತೀರ್ಪು ಕೊಡುತ್ತಾನೆ, ಎರಡನೆಯವನು ಗಂಟೆಯ ಬಾಯಿಗೇ ಮಾತನ್ನು ಬಿಟ್ಟುಕೊಡುತ್ತಾನೆ. ಇದು ಬರಿಯ ಅಲಂಕಾರೋಕ್ತಿಯಲ್ಲ. ‘ಗಣಗಣನೆ’ ಎಂಬಲ್ಲಿನ ‘ಅನೆ’ಯು ಹಳಗನ್ನಡದ ‘ಎನ್’ ಧಾತುವಿನಿಂದಾದ ‘ಎನೆ’ಯ ಸವೆದ ರೂಪವಾದುದರಿಂದ, ‘ಗಣಗಣ ಎನ್ನುವಂತೆ’ ಎಂಬ ಅರ್ಥ ಅದರಲ್ಲಿ ಇಂದಿಗೂ ಉಳಿದಿದೆ.

ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ಕಡೆಯ ಪ್ರಕರಣವನ್ನು ಅವ್ಯಯಗಳಿಗೆ ಮೀಸಲಿಟ್ಟನು, 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು ಇಂತಹ ಪದಗಳನ್ನು ಧ್ವನ್ಯನುಕರಣಗಳೆಂದು ಗುರುತಿಸಿ ಪುಟಪುಟಗಳಲ್ಲಿ ದಾಖಲಿಸಿತು. ಇಷ್ಟಾದರೂ ಇವುಗಳ ಒಳಗಿನ ಕಾಲಪ್ರಜ್ಞೆಯ ಕಡೆಗೆ ಬರೆಹಗಾರರ ಗಮನ ಸಾಕಷ್ಟು ಹರಿದಂತಿಲ್ಲ. ಬಾಗಿಲು ‘ದಡದಡನೆ’ ಬಡಿದುಕೊಂಡರೆ ಗಾಳಿ ಇನ್ನೂ ಬೀಸುತ್ತಿದೆ. ‘ದಡಕ್ಕನೆ’ ಮುಚ್ಚಿಕೊಂಡರೆ ಕೆಲಸ ಒಂದೇ ಏಟಿಗೆ ಮುಗಿದಿದೆ. ದ್ವಿರುಕ್ತಿಯಲ್ಲಿ ಸದ್ದು ಮುಂದುವರಿಯುತ್ತದೆ, ಒತ್ತಿದ ಕಕಾರದಲ್ಲಿ ತುಂಡಾಗುತ್ತದೆ. ‘ಸುಯ್ಯನೆ’, ‘ರೊಯ್ಯನೆ’ ಎಂಬಲ್ಲಿನ ಯಕಾರವಾದರೋ ಅದನ್ನು ಎಳೆದು ಹಿಗ್ಗಿಸುತ್ತದೆ. ಈ ಭೇದವನ್ನು ಯಾವ ಶಾಲೆಯೂ ಕಲಿಸದೆ ಮಕ್ಕಳು ಬಲ್ಲರು; ಪಂಡಿತರೇ ಅದನ್ನು ಮರೆತು ‘ಶಬ್ದಪೂರ್ವಕವಾಗಿ ಮುಚ್ಚಿತು’ ಎಂದು ಬರೆದು ಬಾಗಿಲಿನ ಬಾಯನ್ನೇ ಮುಚ್ಚುತ್ತಾರೆ.

ಕಿವಿಗೆ ಸಂಬಂಧವೇ ಇಲ್ಲದ ವಿಷಯಗಳಿಗೂ ನಮ್ಮ ಭಾಷೆ ಈ ಉಡುಪನ್ನೇ ತೊಡಿಸಿರುವುದು ಸೋಜಿಗ: ಚಿನ್ನ ಥಳಥಳನೆ ಹೊಳೆಯುತ್ತದೆ, ಒಗ್ಗರಣೆ ಘಮಘಮನೆ ಪರಿಮಳಿಸುತ್ತದೆ, ಸದ್ದಿಲ್ಲದವನು ಸಹ ‘ಸುಮ್ಮನೆ’ ಕುಳಿತಿರುತ್ತಾನೆ.

ಹಾಗೆಂದು ‘ಆಗಿ’ಯನ್ನು ಹೀಗಳೆಯಲಾಗದು. ಮನುಷ್ಯಕಂಠದ ಗುಣವನ್ನು ಹೇಳುವಾಗ ಸ್ಪಷ್ಟವಾಗಿ, ಇಂಪಾಗಿ, ಕರ್ಕಶವಾಗಿ ಎಂಬಿವೇ ನಮಗೆ ಗತಿ. ಸಂಸ್ಕೃತದಿಂದ ಬಂದ ಗುಣವಾಚಕಗಳು ‘ಅನೆ’ಗೆ ಒಗ್ಗುವುದೇ ಇಲ್ಲ. ‘ಮೆಲ್ಲಗೆ’ ಎಂಬುದು ಮಾತ್ರ ಸ್ವಲ್ಪ ತಂಟೆಯ ಪದ. ಮೆಲ್ಲಗೆ ಓದು ಎಂದು ಗುರುಗಳು ಹೇಳಿದರೆ, ದನಿಯನ್ನು ತಗ್ಗಿಸಬೇಕೆಂದೋ ವೇಗವನ್ನು ತಗ್ಗಿಸಬೇಕೆಂದೋ ವಿದ್ಯಾರ್ಥಿಗೆ ತಿಳಿಯದು. ಬಾಯಿಮಾತಿನಲ್ಲಿ ಸಂದರ್ಭವೇ ಇದನ್ನು ತಿಳಿಗೊಳಿಸುತ್ತದೆ. ಬರೆಹದಲ್ಲಿ ‘ತಗ್ಗಿದ ದನಿಯಲ್ಲಿ’ ಎಂದೋ ‘ನಿಧಾನವಾಗಿ’ ಎಂದೋ ಬಿಡಿಸಿ ಹೇಳುವುದೇ ಲೇಸೆಂದು ನನ್ನ ಮತ.

ಆದರೆ ನಿಜವಾದ ತೊಡಕಿರುವುದು ‘ಕೇಳು’ ಎಂಬ ಧಾತುವಿನಲ್ಲಿ. ಪ್ರಶ್ನಿಸುವುದಕ್ಕೂ ಬೇಡುವುದಕ್ಕೂ ಆಲಿಸುವುದಕ್ಕೂ ಇದೊಂದೇ ಕ್ರಿಯಾಪದ ಸಲ್ಲುವುದರಿಂದ, ಅರ್ಥವನ್ನು ನಿರ್ಣಯಿಸುವ ಭಾರ ಅನೇಕ ವೇಳೆ ಅದರ ಹಿಂದಿನ ಅವ್ಯಯದ ಮೇಲೆ ಬೀಳುತ್ತದೆ. ‘ಗಟ್ಟಿಯಾಗಿ ಕೇಳಿದಳು’ ಎಂದೊಡನೆ ಅದು ಪ್ರಶ್ನೆಯಾಯಿತು. ‘ಗಟ್ಟಿಯಾಗಿ ಕೇಳಿಸಿತು’ ಎಂದರೆ ಕಿವಿಯ ಅನುಭವವಾಯಿತು. ದನಿಯ ಗುಣವನ್ನು ಹೇಳುವ ವಿಶೇಷಣವು ದನಿ ಹೊರಡಿಸುವವನಿಗೆ ಅಥವಾ ಕೇಳಿಸುವ ಸದ್ದಿಗೆ ಅಂಟಿಕೊಳ್ಳುವುದೇ ಹೊರತು ಆಲಿಸುವವನಿಗೆ ಅಂಟಿಕೊಳ್ಳದು. ಆಲಿಸುವವನಿಗಾಗಿ ಕನ್ನಡವು ಬೇರೆಯೇ ಏರ್ಪಾಟನ್ನು ಮಾಡಿದೆ: ಕಿವಿಗೊಟ್ಟು, ಮನಸ್ಸಿಟ್ಟು, ಕಿವಿ ನಿಮಿರಿಸಿ. ಅಲ್ಲಿ ಗುಣವಾಚಕವಿಲ್ಲ, ಅವನು ಮಾಡಿದ ಇನ್ನೊಂದು ಕೆಲಸವೇ ವಿಶೇಷಣವಾಗಿ ನಿಲ್ಲುತ್ತದೆ. ಇದನ್ನರಿಯದೆ ‘ಸಭಿಕರು ಭಾಷಣವನ್ನು ಸ್ಪಷ್ಟವಾಗಿ ಕೇಳಿದರು’ ಎಂದು ವರದಿ ಬರೆದರೆ, ಭಾಷಣವು ಅವರ ಕಿವಿಗೆ ಬಿದ್ದಿತೋ ಅಥವಾ ಭಾಷಣವೊಂದು ಬೇಕೆಂದು ಅವರು ಬೇಡಿಕೆಯನ್ನು ಮುಂದಿಟ್ಟರೋ ಎಂದು ಓದುಗನು ಯೋಚಿಸಬೇಕಾಗುತ್ತದೆ.