ಕರೆಂಟು ಹೋದಾಗ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ?

ಸಯನ್‌ನ ಫ್ಲ್ಯಾಟಿನಲ್ಲಿ ಸಮುದ್ರದ ಮೀನು ಸಾಕುತ್ತೇನೆ ಎಂದರೆ ಹೆಚ್ಚಿನವರು ಕೇಳುವುದು ಮೀನಿನ ಬೆಲೆ. ಆಫೀಸಿನವರು ಫೋಟೊ ಕೇಳುತ್ತಾರೆ. ಕೆಳಗಿನ ಮನೆಯ ಅಜ್ಜಿ ಮಾತ್ರ, ‘ಎಷ್ಟು ಲೀಟರ್? ಹೊರಗೆ ಚೆಲ್ಲಿದರೆ ಎಲ್ಲಿಗೆ ಬರುತ್ತೆ?’ ಎಂದು ಕೇಳಿದರು. ಈ ಹವ್ಯಾಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಬಣ್ಣದ ಮೀನು, ನೀಲಿ ದೀಪ ಎಲ್ಲ ಆಮೇಲೆ. ಮೊದಲು ಕಾಗದದ ಮೇಲೆ ಪೈಪು ಬರೆಯಬೇಕು.

ಬೆಂಗಳೂರಿನಲ್ಲಿ ಬೆಳೆದವರಿಗೆ ಈ ವ್ಯವಸ್ಥೆ ಅರ್ಥವಾಗಲು ಎರಡೇ ಮಾತು ಸಾಕು. ಗೇಟಿನ ಪಕ್ಕ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಮೋಟರು, ಟ್ಯಾಂಕು ತುಂಬಿದರೆ ಸುರಿಯಲು ಓವರ್‌ಫ್ಲೋ ಪೈಪು. ಸಮುದ್ರದ ನೀರಿನ ಅಕ್ವೇರಿಯಮ್ಮೂ ಅದೇ. ಮೇಲೆ ನೋಡಲು ಚೆಂದದ ತೊಟ್ಟಿ, ಕೆಳಗೆ ಕಪಾಟಿನೊಳಗೆ ಇನ್ನೊಂದು ತೊಟ್ಟಿ. ಅದಕ್ಕೂ ಹೆಸರು ಸಂಪ್ ಎಂದೇ. ನೀರು ಕೊಳೆಯನ್ನು ಹೊತ್ತು ಕೆಳಗಿಳಿಯುತ್ತದೆ, ಅಲ್ಲಿ ಸ್ಕಿಮ್ಮರ್ ನೊರೆಯೆಬ್ಬಿಸಿ ಕಲ್ಮಶ ತೆಗೆಯುತ್ತದೆ, ಪಂಪು ಮತ್ತೆ ಮೇಲೆ ತಳ್ಳುತ್ತದೆ. ವ್ಯತ್ಯಾಸ ಒಂದೇ. ಮನೆಯ ಟ್ಯಾಂಕು ಯಾವಾಗಲೋ ಒಮ್ಮೆ ತುಂಬಿ ಹರಿಯುತ್ತದೆ. ಇದು ಹಗಲೂ ರಾತ್ರಿಯೂ ತುಂಬಿ ಹರಿಯುತ್ತಲೇ ಇರಬೇಕು.

ಇಂಥ ತೊಟ್ಟಿಯನ್ನು ಇಂಗ್ಲಿಷಿನಲ್ಲಿ ರೀಫ್ ಟ್ಯಾಂಕ್ ಎನ್ನುತ್ತಾರೆ, ಅಂದರೆ ಹವಳದ ದಿಬ್ಬ. ನನ್ನದರಲ್ಲಿ ಹವಳವಿಲ್ಲ, ಇರಲೂಬಾರದು. ದಿಬ್ಬ ಕಟ್ಟುವ ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲೇ ಸೇರಿವೆ. ಹುಲಿ ಇರುವ ಪಟ್ಟಿಯೇ ಅದು. ಮುಂಬೈಯ ಕರಾವಳಿ ರಸ್ತೆಗಾಗಿ ವರ್ಲಿ, ಹಾಜಿ ಅಲಿಯ ಬಂಡೆಗಳಿಗೆ ಅಂಟಿದ್ದ ಹವಳಗಳನ್ನು ಸರಿಸಬೇಕಾದಾಗ ಸರ್ಕಾರಿ ಯೋಜನೆಯೂ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕಾಯಿತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರ ಕೈಯಲ್ಲಿ 2020ರಲ್ಲಿ ಆ ಸ್ಥಳಾಂತರ ನಡೆಯಿತು. ಹೀಗಿರುವಾಗ ಅಂಗಡಿಯವನು ‘ಏನೂ ಆಗಲ್ಲ ಸಾರ್’ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರೂ ಹವಳ ತರುವುದು ಸಲ್ಲ. ಹವಳ ನೋಡಬೇಕೆಂದರೆ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿಯಲ್ಲಿ ಮುಳುಗಿ ನೋಡಿ. ನನ್ನ ತೊಟ್ಟಿಯಲ್ಲಿರುವುದು ಒಣ ಸೆರಾಮಿಕ್ ಬಂಡೆ, ಪಾಚಿ, ಮತ್ತೆ ಮೊಟ್ಟೆಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನು. ಕ್ಲೌನ್ ಮೀನನ್ನು ಸಮುದ್ರದಿಂದ ಹಿಡಿಯದೆ ಮೊಟ್ಟೆಯಿಂದಲೇ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹವಳವಿರಲಿ, ಇಲ್ಲದಿರಲಿ, ಪೈಪಿನ ಲೆಕ್ಕ ಬದಲಾಗುವುದಿಲ್ಲ.

ಲೆಕ್ಕಕ್ಕೆ ಬರೋಣ. ಮೇಲಿನ ತೊಟ್ಟಿ 120 ಸೆಂ.ಮೀ. ಉದ್ದ, 60 ಅಗಲ, 55 ಎತ್ತರ. ನೀರು 50 ಸೆಂ.ಮೀ. ಮಟ್ಟದವರೆಗೆ, ಅಂದರೆ 360 ಲೀಟರ್. ಕೆಳಗಿನ ಸಂಪು 90 ಉದ್ದ, 45 ಅಗಲ, 40 ಎತ್ತರ. ನೀರು 22 ಸೆಂ.ಮೀ. ಮಾತ್ರ, ಸುಮಾರು 89 ಲೀಟರ್. ಮೇಲ್ಗಡೆ ಪ್ರತಿ ಒಂದು ಸೆಂಟಿಮೀಟರ್ ನೀರು ಎಂದರೆ 7.2 ಲೀಟರ್. ಈ ಸಂಖ್ಯೆಯನ್ನು ಕಪಾಟಿನ ಬಾಗಿಲ ಒಳಗಡೆ ಬರೆದಿಟ್ಟುಕೊಳ್ಳಬೇಕು, ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ.

ಮುಂಬೈಯಲ್ಲಿ ಕರೆಂಟು ಹೋಗುವುದಿಲ್ಲ ಎಂಬುದು ಇಲ್ಲಿನವರ ದೊಡ್ಡ ಹೆಮ್ಮೆ. ಬಹುಮಟ್ಟಿಗೆ ನಿಜವೂ ಹೌದು. ಆದರೆ 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಹೊತ್ತಿಗೆ ಗ್ರಿಡ್ ಕೈಕೊಟ್ಟು ಇಡೀ ಮಹಾನಗರ ಕತ್ತಲಾಯಿತು, ಲೋಕಲ್ ರೈಲುಗಳು ಹಳಿಯ ಮೇಲೆ ನಿಂತವು. ಅದು ಅಪರೂಪ ಎನ್ನಿ. ಮಳೆಗಾಲ ಅಪರೂಪವಲ್ಲವಲ್ಲ? ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್, ಸಯನ್ ರಸ್ತೆಗಳಲ್ಲಿ ನೀರು ನಿಂತಾಗ ನೆಲಮಹಡಿಯ ಮೀಟರ್ ಕೋಣೆಯ ಮೇನ್ ಸ್ವಿಚ್ ಇಳಿಸುವುದುಂಟು. ಅದೇ ದಿನ ರೈಲೂ ನಿಂತು ನಾವು ಆಫೀಸಿನಲ್ಲಿ ಸಿಕ್ಕಿಕೊಂಡಿರುತ್ತೇವೆ. ಹಾಗಾಗಿ ಯೋಜನೆ ಮಾಡಬೇಕಾದದ್ದು ಪಂಪು ಓಡುವಾಗಿನ ಸ್ಥಿತಿಗಲ್ಲ, ಮನೆಯಲ್ಲಿ ಯಾರೂ ಇಲ್ಲದಾಗ ಅದು ನಿಂತ ಸ್ಥಿತಿಗೆ.

ಪಂಪು ನಿಂತಾಗ ಆಗುವುದಿಷ್ಟು. ನೀರನ್ನು ಮೇಲೆ ಒಯ್ಯುತ್ತಿದ್ದ ಪೈಪೇ ಸೈಫನ್ ಆಗಿ, ಅದೇ ನೀರನ್ನು ಕೆಳಗೆ ಎಳೆಯತೊಡಗುತ್ತದೆ. ಪೈಪಿನ ಬಾಯಿ ಗಾಳಿಗೆ ತೆರೆಯುವ ತನಕ ಎಳೆಯುತ್ತದೆ. ಬಾಯಿ ನೀರಿನ ಮಟ್ಟದಿಂದ 3 ಸೆಂ.ಮೀ. ಕೆಳಗಿದ್ದರೆ ಸುಮಾರು 22 ಲೀಟರ್ ಇಳಿಯುತ್ತದೆ, ಪೈಪುಗಳಲ್ಲಿದ್ದ ಮೂರು ಲೀಟರ್ ಸೇರಿ 25. ಸಂಪಿನಲ್ಲಿ ಖಾಲಿ ಉಳಿದಿರುವ 18 ಸೆಂ.ಮೀ.ಗೆ 73 ಲೀಟರ್ ಹಿಡಿಯುತ್ತದೆ, ತೊಂದರೆಯಿಲ್ಲ. ಈಗ ಅದೇ ಬಾಯಿಯನ್ನು ‘ನೀರು ಚೆನ್ನಾಗಿ ತಿರುಗಲಿ’ ಎಂದು 10 ಸೆಂ.ಮೀ. ಕೆಳಗೆ ಇಟ್ಟೆವು ಎನ್ನಿ. 72 ಮತ್ತು ಮೂರು, 75 ಲೀಟರ್. ಎರಡು ಲೀಟರ್ ಉಪ್ಪುನೀರು ನೆಲಕ್ಕೆ, ಅಲ್ಲಿಂದ ಟೈಲ್ಸಿನ ಸಂದಿಗೆ, ಅಲ್ಲಿಂದ ಅಜ್ಜಿಯ ಛಾವಣಿಗೆ. ಏಳು ಸೆಂಟಿಮೀಟರಿನ ವ್ಯತ್ಯಾಸ ಅಷ್ಟೇ.

ಇದಕ್ಕೆ ಅಂಗಡಿಗಳಲ್ಲಿ ಕೊಡುವ ಸುಲಭ ಪರಿಹಾರ ಚೆಕ್ ವಾಲ್ವ್, ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ. ತೋಟದ ಪಂಪ್‌ಸೆಟ್ ಕಂಡವರಿಗೆ ಇದರ ಅಣ್ಣನ ಪರಿಚಯವಿದೆ: ಫುಟ್ ವಾಲ್ವ್. ಒಂದು ಒಣ ಎಲೆ, ಒಂದು ಮರಳಿನ ಕಣ ಸಿಕ್ಕಿಕೊಂಡರೆ ರಾತ್ರಿಯಿಡೀ ನೀರು ಸೋರಿ, ಬೆಳಿಗ್ಗೆ ಪಂಪಿನ ನೆತ್ತಿಗೆ ಕೊಡಪಾನದಿಂದ ನೀರು ಹೊಯ್ದು ಕೂರಬೇಕು. ಸಮುದ್ರದ ನೀರಿನಲ್ಲಿ ಸುಣ್ಣ ಕಟ್ಟುತ್ತದೆ, ಬಸವನಹುಳು ಹೋಗಿ ಕೂರುತ್ತದೆ. ಚೆಕ್ ವಾಲ್ವ್ ಬೇಕಿದ್ದರೆ ಹಾಕಿ, ನಂಬಬೇಡಿ. ಅದು ಇಲ್ಲವೆಂದೇ ತಿಳಿದು ಲೆಕ್ಕ ಹಾಕಿ. ಗಾಳಿ ಎಳೆದು ಸೈಫನ್ ಮುರಿಯಲೆಂದು ಪೈಪಿಗೆ ಕೊರೆಯುವ ಸಣ್ಣ ತೂತಿನ ಗತಿಯೂ ಅಷ್ಟೇ, ಪಾಚಿ ಅದನ್ನು ಮುಚ್ಚುತ್ತದೆ.

ಇದರ ತಿರುವು ಮುರುವೂ ಒಂದಿದೆ. ಪಂಪು ಓಡುತ್ತಿದೆ, ಆದರೆ ಇಳಿಯುವ ಪೈಪು ಕಟ್ಟಿಕೊಂಡಿದೆ. ಆಗ ಮೇಲಿನ ತೊಟ್ಟಿ ತುಂಬಿ ಚೆಲ್ಲಬೇಕು. ಸಂಪಿನಲ್ಲಿ ಪಂಪು ಕೂರುವ ಕೋಣೆಯನ್ನು 25 ಸೆಂ.ಮೀ. ಉದ್ದಕ್ಕೇ ನಿಲ್ಲಿಸಿದರೆ ಪಂಪಿಗೆ ಸಿಗುವುದು ಸುಮಾರು 25 ಲೀಟರ್ ಮಾತ್ರ. ಮೇಲೆ ಮಟ್ಟ ಮೂರೂವರೆ ಸೆಂಟಿಮೀಟರ್ ಏರುತ್ತದೆ, ಅಂಚಿಗೆ ಐದು ಸೆಂ.ಮೀ. ಬಿಟ್ಟಿದ್ದೇವೆ, ಸಾಕು. ಪಂಪು ಒಣಗಿ ಕೆಟ್ಟುಹೋಗಬಹುದು, ಹೋಗಲಿ ಬಿಡಿ. ಪಂಪಿಗಿಂತ ಛಾವಣಿ ದುಬಾರಿ.

ಇಳಿಯುವ ಪೈಪಿನ ವಿಷಯ ನನಗೆ ಅತ್ಯಂತ ಇಷ್ಟವಾದದ್ದು. ಮಲೆನಾಡಿನ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಅಡಿಕೆ ದಂಬೆಯಲ್ಲಿ ನೀರು ಬರುತ್ತಿತ್ತು. ಮೇಲೆ ತೆರೆದ ದಂಬೆ, ಗಾಳಿಯ ಜೊತೆಗೇ ಹರಿಯುವ ನೀರು, ಅದರದೇ ಜುಳುಜುಳು. ಆಮೇಲೆ ಕಪ್ಪು ಪೈಪು ಬಂತು, ಸದ್ದು ನಿಂತಿತು. ಆದರೆ ನಡುವೆ ಗಾಳಿ ಕಟ್ಟಿದರೆ ನೀರೂ ನಿಂತಿತು. ಅಕ್ವೇರಿಯಮ್ಮಿನ ಓವರ್‌ಫ್ಲೋ ಈ ಎರಡನ್ನೂ ಒಟ್ಟಿಗೆ ಬಳಸಿಕೊಳ್ಳುತ್ತದೆ. ಬೀನ್ ಅನಿಮಲ್ ಎಂಬ ವಿಚಿತ್ರ ಹೆಸರಿನ ವಿನ್ಯಾಸದಲ್ಲಿ ಮೂರು ಪೈಪುಗಳು. ಒಂದನೆಯದು ಗಾಳಿಯಿಲ್ಲದ ಪೂರ್ತಿ ಸೈಫನ್, ಗೇಟ್ ವಾಲ್ವ್ ತಿರುಗಿಸಿ ಹರಿವನ್ನು ಹದ ಮಾಡುವುದು. ಹೆಚ್ಚುಕಡಿಮೆ ಎಲ್ಲ ನೀರೂ ಸದ್ದಿಲ್ಲದೆ ಇದರಲ್ಲೇ ಇಳಿಯುತ್ತದೆ. ಎರಡನೆಯದು ದಂಬೆಯಂತೆ ಗಾಳಿಗೆ ತೆರೆದದ್ದು, ಉಳಿದ ಚೂರು ನೀರಿಗೆ. ಮೂರನೆಯದು ಇನ್ನೂ ಎತ್ತರದಲ್ಲಿ, ಸದಾ ಒಣಗಿರಬೇಕಾದದ್ದು. ಅದರಲ್ಲಿ ನೀರು ಬೀಳುವ ಸದ್ದು ಕೇಳಿತೆಂದರೆ ಒಂದನೆಯದು ಕಟ್ಟಿದೆ ಎಂದು ಅರ್ಥ. ಸಾಫ್ಟ್‌ವೇರಿನಲ್ಲಿ ಇಂಥ ಎಚ್ಚರಿಕೆಗೆ ನಾವು ದುಡ್ಡು ಕೊಟ್ಟು ಉಪಕರಣ ಕೊಳ್ಳುತ್ತೇವೆ, ಇಲ್ಲಿ ಒಂದು ಪೈಪಿನ ತುಂಡು ಅದನ್ನು ಮಾಡುತ್ತದೆ. ಎರಡು ಪೈಪಿನ ಹರ್ಬಿ ವಿನ್ಯಾಸವೂ ಚಾಲ್ತಿಯಲ್ಲಿದೆ, ಆದರೆ ಕೆಳಗೆ ಇನ್ನೊಬ್ಬರ ಮನೆಯಿದ್ದರೆ ನನ್ನ ಮತ ಮೂರಕ್ಕೇ.

ಒಂದು ಸೂಕ್ಷ್ಮ: ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಮುಳುಗಬಾರದು. ಕರೆಂಟು ಮರಳಿದಾಗ ಪೈಪಿನೊಳಗಿನ ಗಾಳಿಯನ್ನು ನೀರೇ ಹೊರದೂಡಬೇಕು. ತುದಿ ಆಳದಲ್ಲಿದ್ದರೆ ದೂಡಲಾರದು, ಸೈಫನ್ ತಾನಾಗಿ ಶುರುವಾಗದು. ನಾವು ಮನೆಯಲ್ಲಿಲ್ಲದಾಗ ಅದು ತಾನಾಗಿಯೇ ಶುರುವಾಗಬೇಕು.

ಸಾಮಾನು ಕೊಳ್ಳಲು ನಾಗದೇವಿ ಬೀದಿಗೆ ಹೋಗುವವರಿಗೊಂದು ಮಾತು. ನಮ್ಮಲ್ಲಿ ಎರಡು ಬಗೆಯ ಪಿವಿಸಿ ಪೈಪುಗಳಿವೆ. ಹೊಲ ತೋಟದ್ದು ಮಿಲಿಮೀಟರಿನ ಲೆಕ್ಕ, ಮನೆಯ ಪ್ಲಂಬಿಂಗಿನ ಯುಪಿವಿಸಿ ಇಂಚಿನ ಲೆಕ್ಕ. 32 ಮಿ.ಮೀ. ಪೈಪಿನ ಹೊರವ್ಯಾಸ 32, ಒಂದಿಂಚಿನದು 33.4. ಕಣ್ಣಿಗೆ ಒಂದೇ ಥರ ಕಂಡರೂ ಒಂದರ ಎಲ್ಬೋ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಸಾಲ್ವೆಂಟ್ ಹಚ್ಚಿ ಕೂರಿಸಿಬಿಡುತ್ತೇನೆ ಎನ್ನುವ ಪ್ಲಂಬರನ ಮಾತಿಗೆ ಒಪ್ಪಬೇಡಿ. ಎಲ್ಲವನ್ನೂ ಒಂದೇ ಬಗೆಯಲ್ಲಿ ಕೊಳ್ಳಿ. ಗಾಜಿನ ತೂತಿಗೆ ಕೂರಿಸುವ ಬಿಡಿಭಾಗವನ್ನು ಇಲ್ಲಿ ಟ್ಯಾಂಕ್ ನಿಪ್ಪಲ್ ಎಂದು ಕೇಳಬೇಕು. ಹಿತ್ತಾಳೆಯದು ಕೊಟ್ಟರೆ ವಾಪಸ್ಸು ಕೊಡಿ. ಉಪ್ಪುನೀರಿಗೆ ಹಿತ್ತಾಳೆಯಿಂದ ತಾಮ್ರ ಬಿಡುತ್ತದೆ, ತಾಮ್ರ ಬಸವನಹುಳು ಸಿಗಡಿಗಳಿಗೆ ವಿಷ. ವಾಲ್ವ್‌ಗಳೂ ಪ್ಲಾಸ್ಟಿಕ್ಕಿನವೇ ಆಗಬೇಕು. ತೂತುಗಳನ್ನು ತೊಟ್ಟಿ ಅಂಟಿಸುವ ಮೊದಲೇ ಕೊರೆಸಿ. ಟಫನ್ಡ್ ಗಾಜಿಗಂತೂ ಡ್ರಿಲ್ ತಾಗಿಸಿದರೆ ಪುಡಿಪುಡಿ.

ಪಂಪಿನ ಪೆಟ್ಟಿಗೆಯ ಮೇಲೆ ‘ಗಂಟೆಗೆ 3000 ಲೀಟರ್’ ಎಂದಿರುತ್ತದೆ. ಅದು ನೀರನ್ನು ಎತ್ತಬೇಕಿಲ್ಲದಾಗಿನ ಮಾತು. ಸಂಪಿನ ಮಟ್ಟದಿಂದ ತೊಟ್ಟಿಯ ಮಟ್ಟಕ್ಕೆ ಒಂದು ಮೀಟರ್ ಏರು, ಜೊತೆಗೆ ತಿರುವುಗಳ ಘರ್ಷಣೆ. ಗರಿಷ್ಠ ಎತ್ತುವ ಎತ್ತರ ಮೂರು ಮೀಟರ್ ಇರುವ ಪಂಪಿನಲ್ಲಿ ಕೊನೆಗೆ ಸಿಗುವುದು ಸುಮಾರು ಅರ್ಧ. 360 ಲೀಟರಿಗೆ ಗಂಟೆಗೆ 1500, ನಾಲ್ಕು ಸುತ್ತು. ಅಷ್ಟು ಸಾಕು. ಪೈಪಿನ ಒಳವ್ಯಾಸವನ್ನು ಅರ್ಧ ಮಾಡಿದರೆ ಘರ್ಷಣೆ ಇಪ್ಪತ್ತೈದು ಮೂವತ್ತು ಪಟ್ಟು ಏರುತ್ತದೆ. ಹಾಗಾಗಿ ಪೈಪಿನಲ್ಲಿ ಜಿಪುಣತನ ಬೇಡ. ಅಲೆಯ ಕೆಲಸವನ್ನು ಈ ಪಂಪಿನಿಂದ ಬಯಸಲೂಬಾರದು, ಅದಕ್ಕೆ ತೊಟ್ಟಿಯೊಳಗೇ ಅಂಟಿಸುವ ವೇವ್ ಪಂಪುಗಳಿವೆ. ಇನ್ವರ್ಟರಿಗೂ ಜೋಡಿಸಬೇಕಾದದ್ದು ಅವನ್ನೇ. ನೀರಿನ ಮೇಲ್ಮೈ ಅಲುಗುತ್ತಿದ್ದರೆ ಮೀನಿಗೆ ಆಮ್ಲಜನಕ ಸಿಗುತ್ತದೆ. 20 ವ್ಯಾಟಿನ ವೇವ್ ಪಂಪನ್ನು 12 ವೋಲ್ಟ್, 40 ಆಂಪಿಯರ್ ಅವರ್ ಬ್ಯಾಟರಿ ತನ್ನ ಅರ್ಧ ಶಕ್ತಿಯಲ್ಲೇ ಹನ್ನೆರಡು ಗಂಟೆ ಓಡಿಸುತ್ತದೆ.

ತೂಕದ ಮಾತು ಚುಟುಕಾಗಿ: ನೀರು, ಗಾಜು, ಕಲ್ಲು, ಸ್ಟ್ಯಾಂಡು ಸೇರಿ ಸುಮಾರು 650 ಕಿಲೊ, ಮುಕ್ಕಾಲು ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೊ ಭಾರಕ್ಕೆಂದು ವಿನ್ಯಾಸ ಮಾಡಿರುತ್ತಾರೆ. ತೊಲೆಯ ಮೇಲೆ, ಗೋಡೆಗೆ ತಾಗಿಸಿ ಇಟ್ಟರೆ ಭಾರ ಹಂಚಿಹೋಗಬಹುದು, ಆದರೆ ಅದನ್ನು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರು. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಮುಂಬೈಯಲ್ಲಿ ಹೇಗೂ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಸೊಸೈಟಿಯಲ್ಲಿ ಆ ವರದಿ ಕೇಳಿ.

ಗಾಜು ಬಂದು, ಪೈಪು ಅಂಟಿ, ಸಾಲ್ವೆಂಟ್ ಒಂದು ದಿನ ಒಣಗಿದ ಮೇಲೆ ನಾನು ಉಪ್ಪು ಬೆರೆಸದೆ ನಲ್ಲಿ ನೀರನ್ನೇ ತುಂಬಿಸಿ ಒಂದು ವಾರ ಓಡಿಸಿದೆ. ದಿನಕ್ಕೆ ಮೂರು ನಾಲ್ಕು ಸಲ ಸ್ವಿಚ್ ಕಿತ್ತು, ಸಂಪಿನ ಮಟ್ಟ ಎಲ್ಲಿ ನಿಲ್ಲುತ್ತದೆ ನೋಡಿದೆ. ಸೈಫನ್ ಪೈಪಿಗೆ ಬಟ್ಟೆ ತುರುಕಿ ಮೂರನೆಯ ಪೈಪು ಸದ್ದು ಮಾಡುವುದನ್ನೂ ಕೇಳಿದೆ. ಮಟ್ಟ 28 ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಂತಿತು, ಕಾಗದದ ಲೆಕ್ಕದಷ್ಟೇ. ಉಪ್ಪು ಬೆರೆಸಿದ್ದು ಆಮೇಲೆ.

ಈಗ ಸಂಪಿನ ಗಾಜಿನ ಮೇಲೆ 22ರ ಮಟ್ಟದಲ್ಲಿ ಕೆಂಪು ಮಾರ್ಕರಿನ ಗೆರೆ ಇದೆ. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುವುದರಿಂದ ಸಿಹಿನೀರು ಮಾತ್ರ ಸೇರಿಸಬೇಕು, ಅದೂ ಪಂಪು ಓಡುತ್ತಿರುವಾಗ, ಗೆರೆಯವರೆಗೆ ಮಾತ್ರ. ಗಣೇಶ ಹಬ್ಬಕ್ಕೆ ನಾವು ಊರಿಗೆ ಹೋದಾಗ ಆ ಕೆಲಸ ವಾಚ್‌ಮನ್ನನ ಮಗನದು. ಅವನಿಗಾಗಿ ಗೆರೆಯ ಪಕ್ಕದಲ್ಲಿ ಅದನ್ನು ಮರಾಠಿಯಲ್ಲೂ ಬರೆದಿದ್ದೇನೆ.