ಖರ್ಚಾಗದ ಅನಿಲ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯು ಚಿನ್ನದ ಗಣಿಯಿಂದ ಹೆಸರಾದ ಊರು. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ವಿಶೇಷವೇನೂ ಅಲ್ಲ. ಆ ದಿನಗಳಲ್ಲಿ ಮನೆಯ ಪಡಸಾಲೆಯ ಮೂಲೆಯಲ್ಲಿ ಒದ್ದೆ ಗೋಣಿತಟ್ಟು ಸುತ್ತಿದ ಮಣ್ಣಿನ ರಂಜಣಿಗೆಯೂ, ಪೇಟೆಯ ಅಂಗಡಿಗಳಲ್ಲಿ ಫ್ರಿಜ್ಜೂ ಜನರ ದಾಹವನ್ನು ತಣಿಸುತ್ತವೆ. ಈ ಎರಡನೆಯದನ್ನು ನಮ್ಮವರು ವಿನೋದವಾಗಿ ‘ತಂಗಳು ಪೆಟ್ಟಿಗೆ’ ಎಂದು ಕರೆದಿದ್ದಾರೆ. ಹೆಸರು ಕುಚೋದ್ಯದ್ದಾದರೂ ಸುಳ್ಳಲ್ಲ.

ಬಿಸಿಲೇರಿದಾಗ ಈ ಪೆಟ್ಟಿಗೆಯು ತಂಪು ಕೊಡುವುದನ್ನು ನಿಲ್ಲಿಸಿದರೆ, ರಿಪೇರಿ ಮಾಡುವವನಿಗೆ ಅಂಗಡಿಯವನು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಗ್ಯಾಸ್ ಖಾಲಿ ಆಗೇದ್ರಿ, ತುಂಬಿ ಕೊಡ್ರಿ.” ದೀಪದಲ್ಲಿ ಎಣ್ಣೆ ತೀರುವಂತೆ, ಒಲೆಯ ಸಿಲಿಂಡರಿನಲ್ಲಿ ಅನಿಲ ಮುಗಿಯುವಂತೆ ಫ್ರಿಜ್ಜಿನ ಅನಿಲವೂ ದಿನದಿನಕ್ಕೆ ಖರ್ಚಾಗುತ್ತದೆಂಬ ನಂಬಿಕೆ ಈ ಮಾತಿನ ಹಿಂದೆ ಇದೆ. ಈ ನಂಬಿಕೆ ತಪ್ಪು. ಅದು ಎಷ್ಟು ದುಬಾರಿಯಾದ ತಪ್ಪೆಂಬುದನ್ನು ತಿಳಿಯಬೇಕಾದರೆ ಮೊದಲು ರಂಜಣಿಗೆಯ ಬಳಿಗೇ ಹೋಗಬೇಕು.

ರಂಜಣಿಗೆಯ ಸಣ್ಣ ರಂಧ್ರಗಳಿಂದ ಒಸರಿದ ನೀರು ಗಾಳಿಗೆ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುವುದರಿಂದ ಉಳಿದ ನೀರು ತಣ್ಣಗಾಗುತ್ತದೆ. ಹೋದ ಆವಿ ಹೋಯಿತು. ಸಂಜೆಗೆ ಮತ್ತೆ ನೀರು ತುಂಬಬೇಕು. ಫ್ರಿಜ್ಜಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಆದರೆ ಅಲ್ಲಿ ನೀರಿಗೆ ಬದಲಾಗಿ, ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಕುದಿಯುವ ‘ಶೀತಕ’ವೆಂಬ ವಸ್ತುವಿರುತ್ತದೆ. ಇಂದಿನ ಮನೆಯ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಐಸೊಬ್ಯೂಟೇನ್ ಸುಮಾರು ಮೈನಸ್ 12 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಅದು ಪೆಟ್ಟಿಗೆಯೊಳಗಿನ ಕೊಳವೆಗಳಲ್ಲಿ ಆವಿಯಾಗುತ್ತಾ ಒಳಗಿನ ಪದಾರ್ಥಗಳ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದು ಒತ್ತುತ್ತದೆ. ಒತ್ತಡಕ್ಕೆ ಸಿಕ್ಕಿ ಬಿಸಿಯಾದ ಆವಿಯು ಹೊರಗಿನ ಕೊಳವೆಗಳಲ್ಲಿ ತನ್ನ ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆ ದ್ರವವು ಕೂದಲಿನಂಥ ಕಿರುನಾಳದ ಮೂಲಕ ನುಸುಳಿ, ಒತ್ತಡ ಕಳೆದುಕೊಂಡು, ಪುನಃ ಒಳಗಿನ ಕೊಳವೆಯನ್ನು ಸೇರುತ್ತದೆ. ಸೆಕೆಯೆಂದು ಫ್ರಿಜ್ಜಿನ ಬಾಗಿಲನ್ನು ತೆರೆದಿಟ್ಟು ಅದರ ಮುಂದೆ ಕುಳಿತರೆ ಕೋಣೆ ತಂಪಾಗುವುದಿಲ್ಲ. ಒಳಗೆ ಹೀರಿದ ಶಾಖವನ್ನೆಲ್ಲ ಅದು ಅದೇ ಕೋಣೆಗೆ ಹಿಂದಿನಿಂದ ಬಿಡುತ್ತಿರುತ್ತದೆ.

ಗಣಿಗಳಿಗೂ ಈ ವಿದ್ಯೆ ನೆರವಾಗಿದೆ. ಕೋಲಾರದ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮೀರಿದ ಆಳದ್ದು. ಅದರ ತಳದ ಬಂಡೆಯ ಉಷ್ಣತೆ 60 ಡಿಗ್ರಿಯನ್ನು ಮೀರಿತ್ತು. 2001ರಲ್ಲಿ ಮುಚ್ಚಿಹೋದ ಆ ಗಣಿಗಳಲ್ಲಿ, ಯಂತ್ರಗಳಿಂದ ತಂಪಾಗಿಸಿದ ಗಾಳಿಯಿಲ್ಲದೆ ಮನುಷ್ಯರು ಆ ಆಳದಲ್ಲಿ ದುಡಿಯುವುದು ಸಾಧ್ಯವಿರಲಿಲ್ಲ.

ಹೀಗೆ ಶೀತಕವು ಸುತ್ತುತ್ತಲೇ ಇರುತ್ತದೆ. ಅದು ಉರಿಯುವುದಿಲ್ಲ, ಸವೆಯುವುದಿಲ್ಲ. ಕೊಳವೆಗಳು ಸುಭದ್ರವಾಗಿದ್ದರೆ ಕಾರ್ಖಾನೆಯಲ್ಲಿ ತುಂಬಿದ ಕೆಲವೇ ಹತ್ತು ಗ್ರಾಂ ಅನಿಲವು ಪೆಟ್ಟಿಗೆಯ ಆಯುಷ್ಯದುದ್ದಕ್ಕೂ ಸಾಕು. ಆದುದರಿಂದ ಅನಿಲ ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಮತ್ತೆ ಅನಿಲ ತುಂಬುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಕೊಡದಿಂದ ಸೋರಿದ ನೀರಾದರೆ ನೆಲವನ್ನಾದರೂ ತೋಯಿಸೀತು. ಸೋರಿದ ಶೀತಕ ಎಲ್ಲಿಗೆ ಹೋಗುತ್ತದೆ?

ಮೊದಮೊದಲು ಅದು ಮನೆಯವರ ಉಸಿರಿಗೇ ಹೋಗುತ್ತಿತ್ತು. ಆರಂಭದ ಫ್ರಿಜ್ಜುಗಳಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಮೂರೂ ವಿಷಕಾರಿಗಳು. 1920ರ ದಶಕದಲ್ಲಿ ಬರ್ಲಿನ್ನಿನ ಕುಟುಂಬವೊಂದು ಇಂಥ ಸೋರಿಕೆಯಿಂದ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆಲ್ಬರ್ಟ್ ಐನ್‌ಸ್ಟೈನರು ಮರುಗಿದರೆಂದೂ, ತಮ್ಮ ಕಿರಿಯ ಮಿತ್ರ ಲಿಯೊ ಸಿಲಾರ್ಡರೊಡನೆ ಸೋರದ ಫ್ರಿಜ್ಜೊಂದನ್ನು ರೂಪಿಸಲು ತೊಡಗಿದರೆಂದೂ ಹೇಳುತ್ತಾರೆ. ಅವರ ಯಂತ್ರಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಮಾರುಕಟ್ಟೆ ಮಾತ್ರ ದೊರೆಯಲಿಲ್ಲ. ಅಷ್ಟರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕ್ಲೋರೊಫ್ಲೋರೊಕಾರ್ಬನ್ನುಗಳನ್ನು ಶೀತಕವಾಗಿ ಬಳಸುವ ದಾರಿಯನ್ನು ಕಂಡುಕೊಂಡಿದ್ದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಡ್‌ಗ್ಲಿ ಆ ಅನಿಲವನ್ನು ಒಮ್ಮೆ ಉಸಿರಿಗೆಳೆದುಕೊಂಡು, ಮೆಲ್ಲನೆ ಹೊರಬಿಟ್ಟು ಎದುರಿಗಿದ್ದ ಮೋಂಬತ್ತಿಯನ್ನು ಆರಿಸಿ ತೋರಿಸಿದರು. ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ‘ಫ್ರಿಯಾನ್’ ಎಂಬ ಹೆಸರಿನಿಂದ ಅದು ಜಗತ್ತನ್ನೆಲ್ಲ ಹಬ್ಬಿತು.

ಸುಲಭವಾಗಿ ಯಾವುದರೊಡನೆಯೂ ಬೆರೆಯದ ಅದರ ಸಾಧುಗುಣವೇ ಮುಂದೆ ಕೇಡಾಯಿತು. ಕೆಳಗಿನ ವಾಯುಮಂಡಲದಲ್ಲಿ ಕರಗದೆ, ಕೆಡದೆ ಅದು ಮೆಲ್ಲಮೆಲ್ಲನೆ ಮೇಲೇರಿತು. ಅಲ್ಲಿನ ಪ್ರಖರ ಅತಿನೇರಳೆ ಕಿರಣಗಳು ಅದನ್ನು ಒಡೆದಾಗ ಕ್ಲೋರಿನ್ ಪರಮಾಣು ಹೊರಬೀಳುತ್ತದೆ. ಅಂಥ ಒಂದು ಪರಮಾಣು ಓಜೋನಿನ ಒಂದು ಲಕ್ಷದಷ್ಟು ಅಣುಗಳನ್ನು ನಾಶಮಾಡಬಲ್ಲದು. ಇದನ್ನು ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ 1974ರಲ್ಲಿಯೇ ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ಪದರ ತೆಳುವಾಗಿರುವುದು ಬೆಳಕಿಗೆ ಬಂದಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದನ್ನು ಸೇರಿತು. ಹೀಗೆ ಕ್ಲೋರೊಫ್ಲೋರೊಕಾರ್ಬನ್ನುಗಳು ಫ್ರಿಜ್ಜಿನಿಂದ ಮರೆಯಾದವು. ಅವುಗಳ ಬದಲಿಗೆ ಬಂದ ಆರ್-134ಎ ಎಂಬ ಶೀತಕವು ಓಜೋನಿಗೆ ಹಾನಿಮಾಡದಿದ್ದರೂ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುವಂಥದು. ಅದನ್ನೂ ಕ್ರಮೇಣ ಕಡಿಮೆಮಾಡಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿಕೊಂಡವು. ಐಸೊಬ್ಯೂಟೇನಿಗೆ ಈ ಎರಡು ದೋಷಗಳೂ ಇಲ್ಲವೆನ್ನಬಹುದು. ಆದರೆ ಅದು ಅಡುಗೆ ಅನಿಲದ ದಾಯಾದಿ. ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಪೂರ್ಣ ನಿರಪಾಯವಾದ ಶೀತಕವನ್ನು ಮನುಷ್ಯ ಇನ್ನೂ ಕಂಡುಕೊಂಡಿಲ್ಲ.

ಆದುದರಿಂದ ಈ ಪೆಟ್ಟಿಗೆಯನ್ನು ದುರಸ್ತಿಮಾಡುವವನ ಕೈಯಲ್ಲಿ ಬರಿಯ ತಂಪಲ್ಲ, ತನ್ನ ಪ್ರಾಣವೂ ಇರುತ್ತದೆ. ಬಲ್ಲವನು ಮೊದಲು ನೋಡುವುದು ಅನಿಲವನ್ನಲ್ಲ. ವಿದ್ಯುತ್ ಸಂಪರ್ಕವನ್ನು ತೆಗೆದು, ಹಿಂಬದಿಯ ಕೊಳವೆಗಳ ಮೇಲೆ ಧೂಳು ಕವಿದಿದೆಯೇ, ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ಎಂದು ನೋಡುತ್ತಾನೆ. ಎಷ್ಟೋ ಸಲ ರೋಗ ಇಷ್ಟರಲ್ಲಿಯೇ ಇರುತ್ತದೆ. ಅನಂತರವೇ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಶೀತಕದ ಹೆಸರನ್ನೂ ತೂಕವನ್ನೂ ಓದುತ್ತಾನೆ. ಒಂದು ಶೀತಕಕ್ಕಾಗಿ ಮಾಡಿದ ಯಂತ್ರಕ್ಕೆ ಇನ್ನೊಂದನ್ನು ತುಂಬಬಾರದು.

ಅನಿಲವಿರುವ ಕೊಳವೆಗೆ ಬೆಸುಗೆಯ ಜ್ವಾಲೆಯನ್ನು ಹಿಡಿಯಲೇಬಾರದು. ಐಸೊಬ್ಯೂಟೇನ್ ಆಗಿದ್ದರೆ ಅದು ಉರಿಯುತ್ತದೆ. ಹಳೆಯ ಕ್ಲೋರಿನ್ ಶೀತಕವಾಗಿದ್ದರೆ ಜ್ವಾಲೆಯ ಕಾವಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲವದು. ಐಸೊಬ್ಯೂಟೇನ್ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಹತ್ತಿರ ಬೀಡಿಯ ಕಿಡಿಯಾಗಲೀ ವಿದ್ಯುತ್ ಗುಂಡಿಯ ಕಿಡಿಯಾಗಲೀ ಬರದಂತೆ ನೋಡಿಕೊಳ್ಳಬೇಕು. ಆರ್-134ಎಯಂಥ ಶೀತಕವಿದ್ದರೆ ಅದನ್ನು ಗಾಳಿಗೆ ಬಿಡದೆ ಯಂತ್ರದಿಂದ ಎಳೆದು ಬೇರೆ ಸಿಲಿಂಡರಿಗೆ ತುಂಬಿಕೊಳ್ಳಬೇಕು. ಆ ಸಿಲಿಂಡರನ್ನು ಕಂಠಮಟ್ಟ ತುಂಬಬಾರದು, ಹಟ್ಟಿಯ ಬಿಸಿಲಿನಲ್ಲಂತೂ ಇಡಬಾರದು. ಕಾವಿಗೆ ದ್ರವ ಹಿಗ್ಗಿ ಸಿಲಿಂಡರ್ ಸಿಡಿಯಬಹುದು. ಚಿಮ್ಮಿದ ಶೀತಕವು ಚರ್ಮವನ್ನು ಹಿಮದಂತೆ ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ. ಕೈಗವಸು, ಕನ್ನಡಕ ಎರಡೂ ಇದ್ದರೆ ಮಾತ್ರ ಕೆಲಸಕ್ಕೆ ಕೈಹಾಕಬೇಕು.

ಸೋರಿಕೆಯನ್ನು ಹುಡುಕಲು ಕೊಳವೆಯಲ್ಲಿ ಒತ್ತಡ ಬೇಕಾಗುತ್ತದೆ. ಇಲ್ಲಿ ಅವಸರದವನು ಮಾಡುವ ಘೋರ ತಪ್ಪೊಂದಿದೆ. ಬೆಸುಗೆಗೆಂದು ತಂದ ಆಮ್ಲಜನಕದ ಸಿಲಿಂಡರು ಕೈಯಳತೆಯಲ್ಲಿಯೇ ಇರುತ್ತದೆ, ಅದನ್ನೇ ಹಚ್ಚಿಬಿಡುತ್ತಾನೆ. ಕಂಪ್ರೆಸರಿನಲ್ಲಿರುವ ಎಣ್ಣೆಗೆ ಒತ್ತಡದ ಆಮ್ಲಜನಕ ಸೇರಿದರೆ ಅದು ಬಾಂಬಿನಂತೆ ಸಿಡಿಯುತ್ತದೆ. ಇದಕ್ಕೆ ಒಣ ಸಾರಜನಕವೊಂದೇ ತಕ್ಕುದು, ಅದೂ ಒತ್ತಡವನ್ನು ಹದವಾಗಿಡುವ ರೆಗ್ಯುಲೇಟರಿನ ಮೂಲಕ.

ಸಾರಜನಕ ತುಂಬಿದ ಮೇಲೆ ಕೊಳವೆಯ ಬೆಸುಗೆಗಳಿಗೆಲ್ಲ ಸಾಬೂನಿನ ನೊರೆಯನ್ನು ಹಚ್ಚುತ್ತಾ ಹೋಗುತ್ತಾರೆ. ಎಲ್ಲಿಯೋ ಒಂದು ಕಡೆ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಕಳ್ಳ ಸಿಕ್ಕಿದ ಜಾಗ ಅದೇ. ಒತ್ತಡವನ್ನು ಬಿಟ್ಟು, ಅದನ್ನು ಮುಚ್ಚಿ, ತೇವ ಹೀರುವ ಶೋಧಕವನ್ನು ಹೊಸದಾಗಿ ಹಾಕಿ, ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆಯಬೇಕು. ಒಂದು ಹನಿ ನೀರು ಉಳಿದರೂ ಅದು ಕಿರುನಾಳದ ಬಾಯಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ. ಪಂಪನ್ನು ನಿಲ್ಲಿಸಿದ ಮೇಲೆಯೂ ಮಾಪಕದ ಮುಳ್ಳು ಅಲುಗದೆ ನಿಂತರೆ ಮಾತ್ರ, ಚೀಟಿಯಲ್ಲಿ ಹೇಳಿದಷ್ಟೇ ಶೀತಕವನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಅಂದಾಜಿಗೆ ಇಲ್ಲಿ ಎಡೆಯಿಲ್ಲ.

ಈ ಕೆಲಸಕ್ಕೆ ಹಲವು ಗಂಟೆಗಳು ಬೇಕು. ಬರಿದೆ ಅನಿಲ ತುಂಬುವುದಕ್ಕೆ ಅರ್ಧ ಗಂಟೆ ಸಾಕು, ಹಣವೂ ಕಡಿಮೆ. ಅಂಗಡಿಯವನು ಎರಡನೆಯದನ್ನೇ ಬಯಸುವುದು ಸಹಜ. ಆದರೆ ಅದೇ ವಿದ್ಯೆ ಆರೋಗ್ಯ ಕೇಂದ್ರದ ಲಸಿಕೆಯ ಪೆಟ್ಟಿಗೆಯಲ್ಲಿಯೂ ಇದೆ. ಅಲ್ಲಿ ಉಷ್ಣತೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಏರಿದರೂ ಲಸಿಕೆ ಕೆಡುತ್ತದೆ. ಹೆಪ್ಪುಗಟ್ಟಿದರೆ ಧನುರ್ವಾಯುವಿನ ಲಸಿಕೆಯಂಥವು ನಿಷ್ಪ್ರಯೋಜಕವಾಗುತ್ತವೆ. ಕೆಟ್ಟ ಹಾಲು ಒಡೆದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಕಾವಿಗೆ ಕೆಟ್ಟ ಲಸಿಕೆ ನೋಡಲು ಮೊದಲಿನಂತೆಯೇ ಇರಬಹುದು. ಮಗುವಿನ ತೋಳಿಗೆ ಚುಚ್ಚಿದಾಗಲೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕಾಗಿಯೇ ಅಲ್ಲಿಯ ಸಿಬ್ಬಂದಿಯು ದಿನಕ್ಕೆರಡು ಬಾರಿ, ಹಬ್ಬದ ದಿನವೂ ಬಿಡದೆ, ಉಷ್ಣಮಾಪಕವನ್ನು ನೋಡಿ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಪೆಟ್ಟಿಗೆಯಲ್ಲಿ ಎಲ್ಲಿಯಾದರೂ ಸೋರಿಕೆ ಆರಂಭವಾದರೆ ಅದು ಮೊದಲು ಕಾಣಿಸಿಕೊಳ್ಳುವುದು ಆ ಪುಸ್ತಕದ ಅಂಕಿಗಳಲ್ಲಿ: ಮೊನ್ನೆ 5, ನಿನ್ನೆ 6, ಇಂದು ಬೆಳಗ್ಗೆ 7.